ಸ್ಕ್ಲೆರೋಡರ್ಮಾ: ನರಗಳ ಹಾನಿ ತಡವಾಗಿ ಕಂಡದ್ದೇಕೆ

ಚಿಕ್ಕಬಳ್ಳಾಪುರದ ಸುತ್ತಲಿನ ಹಳ್ಳಿಗಳಲ್ಲಿ ಸೇವಂತಿಗೆ ಬಿಡಿಸುವ ಕೆಲಸ ಇಬ್ಬನಿ ಆರುವ ಮೊದಲೇ ಶುರುವಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ಒದ್ದೆ ಹೂವಿಗೆ ಕೈಹಾಕಿದವರ ಬೆರಳು ಸೆಟೆದುಕೊಳ್ಳುವುದು ಹೊಸದೇನಲ್ಲ. ಆದರೆ ಬೆರಳ ತುದಿ ಸುಣ್ಣದಂತೆ ಬಿಳುಚಿ, ಬಳಿಕ ನೀಲಿಗಟ್ಟಿ, ಬಿಸಿಲೇರಿದ ಮೇಲೆ ಕೆಂಪಾಗಿ ಉರಿಯತೊಡಗಿದರೆ ಅದನ್ನು ಬರೀ ಚಳಿಯ ಲೆಕ್ಕಕ್ಕೆ ಹಾಕುವಂತಿಲ್ಲ. ಫ್ರೆಂಚ್ ವೈದ್ಯ ಮಾರಿಸ್ ರೇನೋ 1862ರಲ್ಲಿ ವಿವರಿಸಿದ ಈ ತೊಂದರೆ ಇದ್ದವರಿಗೆಲ್ಲ ದೊಡ್ಡ ಕಾಯಿಲೆ ಬರುವುದಿಲ್ಲ. ಆದರೂ ಸಿಸ್ಟಮಿಕ್ ಸ್ಕ್ಲೆರೋಸಿಸ್, ಅಂದರೆ ಚರ್ಮದ ಜೊತೆಗೆ ಒಳಾಂಗಗಳೂ ಬಿಗಿಯುವ ಸ್ಕ್ಲೆರೋಡರ್ಮಾ, ಬಹುತೇಕರಲ್ಲಿ ಹೀಗೆಯೇ ತಲೆದೋರುತ್ತದೆ.

ನರಗಳು ಈ ಕಥೆಯೊಳಗೆ ಮೊದಲು ಬಂದದ್ದು ಆರೋಪಿಗಳಾಗಿ. ರಕ್ತನಾಳಗಳನ್ನು ಬಿಗಿಹಿಡಿಯುವ ಸಿಂಪಥೆಟಿಕ್ ನರಗಳ ಅತಿಚಟುವಟಿಕೆಯೇ ಬೆರಳು ಬಿಳುಚಲು ಕಾರಣವೆಂದು ರೇನೋ ನಂಬಿದ್ದರು. ಆ ನಂಬಿಕೆಯ ಮೇಲೆ 1920ರ ದಶಕದಲ್ಲಿ ಶಸ್ತ್ರವೈದ್ಯರು ಆ ನರಗಳನ್ನೇ ಕತ್ತರಿಸಿ ನೋಡಿದರು. ಸ್ಕ್ಲೆರೋಡರ್ಮಾ ಇದ್ದವರಲ್ಲಿ ಅದರಿಂದ ಸಿಕ್ಕ ಉಪಶಮನ ಹೆಚ್ಚು ದಿನ ಉಳಿಯಲಿಲ್ಲ. 1929ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಲೂಯಿಸ್, ದೋಷ ಇರುವುದು ಬೆರಳಿನ ರಕ್ತನಾಳಗಳಲ್ಲೇ ಎಂದು ವಾದಿಸಿದರು. 1945ರಲ್ಲಿ ವೈದ್ಯ ರಾಬರ್ಟ್ ಗೋಯೆಟ್ಜ್ ಸ್ಕ್ಲೆರೋಡರ್ಮಾ ಚರ್ಮಕ್ಕಷ್ಟೇ ಸೀಮಿತವಲ್ಲವೆಂದು ತೋರಿಸಿ ‘ಪ್ರೊಗ್ರೆಸಿವ್ ಸಿಸ್ಟಮಿಕ್ ಸ್ಕ್ಲೆರೋಸಿಸ್’ ಎಂಬ ಹೆಸರು ಸೂಚಿಸಿದ ಮೇಲೆ ವೈದ್ಯಲೋಕದ ಗಮನ ಕರುಳು, ಶ್ವಾಸಕೋಶ, ಹೃದಯ, ಮೂತ್ರಪಿಂಡಗಳತ್ತ ಹೊರಳಿತು. ನರಗಳಿಗೆ ಹಾನಿಯಾಗುವುದು ಅಪರೂಪ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಉಳಿದುಕೊಂಡಿತು.

ಅಪರೂಪವೆನಿಸಿದ್ದಕ್ಕೆ ಒಂದು ಕಾರಣ ಹೂ ಕಟ್ಟುವವರ ಕೈಯಲ್ಲೇ ಕಾಣುತ್ತದೆ. ಮಾಲೆ ಕಟ್ಟುವಾಗ ದಾರವನ್ನು ಸುತ್ತಿ ಕುಣಿಕೆ ಬಿಗಿಯುವುದು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಕೆಲಸ. ನುರಿತವರು ದಾರದತ್ತ ಕಣ್ಣು ಹಾಯಿಸುವುದೂ ಇಲ್ಲ. ಈ ಮೂರು ಬೆರಳುಗಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಸಾಗುತ್ತದೆ. ಕಾಯಿಲೆಯ ಆರಂಭದಲ್ಲಿ ಕೈ ಬಾತುಕೊಂಡಾಗ ನರ ಅಲ್ಲಿ ಅಮುಕಿ ಹೋಗಿ, ಬೆರಳು ಜೋಮು ಹಿಡಿದು, ದಾರ ಸಿಕ್ಕಿತೋ ಜಾರಿತೋ ತಿಳಿಯದಂತಾಗುತ್ತದೆ. ಈ ಜೋಮು ಚರ್ಮ ಬಿಗಿದ ಮೇಲೆ ಬಂದರಂತೂ ರೋಗಿಯೂ ವೈದ್ಯರೂ ದೂರನ್ನೆಲ್ಲ ಚರ್ಮದ ಮೇಲೆ ಹೊರಿಸಿಬಿಡುತ್ತಾರೆ. ಮೇಲಾಗಿ ನರಗಳ ವೇಗ ಅಳೆಯುವ ವಿದ್ಯುತ್ ಪರೀಕ್ಷೆ ದಪ್ಪ ತಂತುಗಳನ್ನಷ್ಟೇ ಹಿಡಿಯುತ್ತದೆ. ಉರಿ, ಬಿಸಿ, ತಣ್ಪುಗಳನ್ನು ತಿಳಿಸುವ ಸಣ್ಣ ತಂತುಗಳು ಸತ್ತಿದ್ದರೂ ವರದಿ ‘ನಾರ್ಮಲ್’ ಎಂದೇ ಬರಬಹುದು. ಚರ್ಮದ ಚೂರು ತೆಗೆದು ಸೂಕ್ಷ್ಮ ತಂತುಗಳನ್ನು ಎಣಿಸುವ ವಿಧಾನ ಬಂದದ್ದು ಬಹಳ ಈಚೆಗೆ.

ನಮ್ಮ ಆಡುಮಾತಿನಲ್ಲಿ ‘ನರ’ ಎಂದರೆ ರಕ್ತನಾಳವೂ ಹೌದು, ಸ್ನಾಯುವಿನ ಎಳೆಯೂ ಹೌದು. ವೈದ್ಯರಿಗೆ ಇದು ತಲೆನೋವಿನ ಗೊಂದಲವಾದರೂ ಈ ಕಾಯಿಲೆಯ ಮಟ್ಟಿಗೆ ಅದರಲ್ಲೊಂದು ಸತ್ಯವಿದೆ: ನರಕ್ಕೂ ಅನ್ನ ನೀರು ಒದಗಿಸುವ ಕೂದಲೆಳೆಯ ರಕ್ತನಾಳಗಳಿವೆ, ಅವು ಕಟ್ಟಿಕೊಂಡರೆ ನರ ಉಪವಾಸ ಬೀಳುತ್ತದೆ. ಮುಖದ ಟ್ರೈಜೆಮಿನಲ್ ನರ ಕೆಟ್ಟು ಕೆನ್ನೆ ಮರಗಟ್ಟುವುದು ಕೆಲವರಲ್ಲಿ ಕಾಯಿಲೆ ಪತ್ತೆಯಾಗುವ ಮೊದಲೇ ಕಾಣುತ್ತದೆ. ಅನ್ನನಾಳ ಮತ್ತು ಕರುಳನ್ನು ನಡೆಸುವ ನರಗಳು ಸೋತಾಗ ತುತ್ತು ಇಳಿಯದು, ಹೊಟ್ಟೆ ಉಬ್ಬರಿಸುತ್ತದೆ. ಇಲ್ಲಿ ನರಗಳ ಹಾನಿ ಸ್ನಾಯುವಿನ ಹಾನಿಗಿಂತ ಮೊದಲೇ ಆಗುತ್ತದೆಂಬುದು 20ನೇ ಶತಮಾನದ ಕೊನೆಯ ಹೊತ್ತಿಗೆ ಗಟ್ಟಿಯಾದ ವಿಚಾರ. ಹಾಗೆ ಕೆಟ್ಟ ಕರುಳು ವಿಟಮಿನ್ ಬಿ12 ಹೀರದೆ ಹೋಗಿ ಕಾಲು ಜುಮುಗುಟ್ಟುವುದೂ ಉಂಟು. ಇಂಜೆಕ್ಷನ್ನಿಗೆ ಬಗ್ಗುವ ಈ ಕಾರಣವನ್ನು ಮೊದಲು ನೋಡದೆ ಬಿಡುವುದು ಸರಿಯಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಚರ್ಮದ ಮೇಲೆ ಬಿಳಿ ಚುಕ್ಕೆ, ಮಡಚಿದ ಬೆರಳು, ತುದಿಯಲ್ಲಿ ಹುಣ್ಣು, ಜೊತೆಗೆ ಜೋಮು ಎಂದೊಡನೆ ಊರವರು ಕುಷ್ಠವನ್ನೇ ನೆನೆಯುತ್ತಾರೆ. ಭಾರತ 2005ರ ಕೊನೆಯಲ್ಲಿ ಕುಷ್ಠ ನಿರ್ಮೂಲನೆಯ ರಾಷ್ಟ್ರೀಯ ಗುರಿ ಮುಟ್ಟಿದರೂ ಆ ಭಯ ಹೋಗಿಲ್ಲ. ಕುಷ್ಠದ ಗಾಯ ಸಾಮಾನ್ಯವಾಗಿ ನೋಯುವುದಿಲ್ಲ. ಸ್ಕ್ಲೆರೋಡರ್ಮಾದ ಬೆರಳ ತುದಿಯ ಹುಣ್ಣು ರಕ್ತವಿಲ್ಲದೆ ಆದದ್ದು, ರಾತ್ರಿ ನಿದ್ದೆಗೆಡಿಸುವಷ್ಟು ನೋಯುತ್ತದೆ.

ರೋಗ ಗುರುತಿಸಲು 2013ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಸ್ಥೆಗಳು ಒಪ್ಪಿದ ಮಾನದಂಡಗಳಲ್ಲಿ ನರಹಾನಿಗೆ ಅಂಕವಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಯಾರೂ ಹುಡುಕಲಿಕ್ಕಿಲ್ಲ ಎಂಬುದೇ ನನ್ನ ಅಳುಕು. ಕುಷ್ಠ ಮತ್ತು ಸಕ್ಕರೆ ಕಾಯಿಲೆಯವರ ಪಾದಕ್ಕೆ ತಾಗಿಸಿ ನೋಡುವ ನೈಲಾನ್ ಎಳೆಯನ್ನು ಬಿಗಿದ ಚರ್ಮದ ಈ ಬೆರಳುಗಳಿಗೂ ತಾಗಿಸಿ, ಸ್ಪರ್ಶ ತಿಳಿಯಿತೇ ಎಂದು ಕೇಳಲು ಎರಡು ನಿಮಿಷ ಸಾಕು.