ಮೇಷ್ಟ್ರೇ, ಇದ್ರಲ್ಲಿ ರಿದಂ ಎಲ್ಲಿದೆ?

ಕಾಫಿ, ಮೆಣಸು ಮಾರಿ ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಹಾಸನದ ನನ್ನ ಸಂಗೀತದ ಕ್ಲಾಸಿಗೆ ಹೊಸ ಕೀಬೋರ್ಡುಗಳೂ ಬರುತ್ತವೆ. ಸಕಲೇಶಪುರ, ಆಲೂರು ಕಡೆಯಿಂದ ಜಾಸ್ತಿ. ಈ ವರ್ಷ ಆಲೂರು ಕಡೆಯ ಗೌಡರೊಬ್ಬರು ಒಂಬತ್ತು ವರ್ಷದ ಮಗಳ ಜೊತೆ ಬಂದರು. ಬೆಂಗಳೂರಿನಿಂದ ತಂದ ವರ್ಕ್‌ಸ್ಟೇಷನ್ ಕೀಬೋರ್ಡಿನ ಡಬ್ಬವನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತಿದ್ದರು. ಥರ್ಮೋಕೋಲ್ ಬಿಚ್ಚಿ ಮೇಜಿನ ಮೇಲಿಟ್ಟೆವು. ಮಗು ಎಡಗೈಯಲ್ಲಿ ಸಿ ಮೇಜರ್ ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ, ಒತ್ತಿತು. ಮೂರು ಸ್ವರ ಪಿಯಾನೋ ಟೋನಿನಲ್ಲಿ ನುಡಿದು ನಿಧಾನಕ್ಕೆ ಆರಿಹೋದವು. ಇನ್ನೊಮ್ಮೆ ಒತ್ತಿತು. ಮತ್ತೆ ಅಷ್ಟೇ. ಗೌಡರು ಡಿಸ್‌ಪ್ಲೇ ಮೇಲೆ ಬಗ್ಗಿ ನೋಡಿ, "ಮೇಷ್ಟ್ರೇ, ಇದ್ರಲ್ಲಿ ರಿದಂ ಎಲ್ಲಿದೆ?" ಎಂದರು.

ಎಷ್ಟು ಸಲ ಕೇಳಿದ ಪ್ರಶ್ನೆಯೋ ಇದು. ಆದರೂ ಪ್ರತಿ ಸಲ ಸಂಕಟವಾಗುತ್ತದೆ. ದುಡ್ಡು ಕೊಟ್ಟಾಗಿರುತ್ತದೆ, ಡಬ್ಬ ಹರಿದಿರುತ್ತದೆ, ಮಗುವಿನ ಮುಖ ಸಣ್ಣಗಾಗಿರುತ್ತದೆ.

ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಎಲ್ಲವೂ ಒಂದೇ ಥರ ಕಾಣುತ್ತವೆ. ಎಲ್ಲವನ್ನೂ ನಾವು ಕೀಬೋರ್ಡ್ ಅಂತಲೇ ಕರೆಯುತ್ತೇವೆ. ಆದರೆ ಜಾತಿ ಎರಡು. ಒಂದು ಅರೇಂಜರ್. ಇನ್ನೊಂದು ವರ್ಕ್‌ಸ್ಟೇಷನ್ ಅಥವಾ ಸಿಂಥಸೈಜರ್.

ಅರೇಂಜರಿನಲ್ಲಿ ಸ್ಟೈಲ್, ಅಂದರೆ ಮೊದಲೇ ತುಂಬಿಟ್ಟ ಹಿಮ್ಮೇಳ, ಇರುತ್ತದೆ. ಗೌಡರು ಕೇಳಿದ ರಿದಂ ಅದೇ. ದಾದ್ರಾ ತಾಳ ಆರಿಸಿ ಎಡಗೈಯಲ್ಲಿ ಸಿ ಹಿಡಿದರೆ ತಬಲಾ, ಬೇಸ್, ಗಿಟಾರ್ ಒಟ್ಟಿಗೆ ಶುರುವಾಗುತ್ತವೆ. ಎಡಗೈ ಎಫ್‌ಗೆ ಹೋದರೆ ಬೇಸೂ ಎಫ್‌ಗೆ ಹೋಗುತ್ತದೆ, ಗಿಟಾರೂ ಹೋಗುತ್ತದೆ. ಹಾಡು ಶುರುವಾಗುವ ಮುಂಚಿನ ಬಿಟ್, ನಡುವಿನ ಫಿಲ್, ಮುಗಿಸುವ ಬಿಟ್, ಎಲ್ಲಕ್ಕೂ ಒಂದೊಂದು ಬಟನ್. ಬಲಗೈಯಲ್ಲಿ ಹಾಡು ನುಡಿಸಿದರೆ ಆಯಿತು. ಯಮಹಾ ಪಿಎಸ್‌ಆರ್-ಐ500, ಕ್ಯಾಸಿಯೊ ಸಿಟಿ-ಎಕ್ಸ್9000ಐಎನ್, ದೊಡ್ಡದರಲ್ಲಿ ಕೋರ್ಗ್ ಪಿಎ700, ಎಲ್ಲ ಈ ಜಾತಿಯವು.

ವರ್ಕ್‌ಸ್ಟೇಷನ್ ಹಾಗಲ್ಲ. 1988ರಲ್ಲಿ ಕೋರ್ಗ್ ಕಂಪನಿಯ ಎಂ1 ಬಂದಾಗ ಒಂದೇ ಪೆಟ್ಟಿಗೆಯಲ್ಲಿ ಟೋನು, ಡ್ರಮ್ಸ್, ಎಫೆಕ್ಟು, 8 ಟ್ರ್ಯಾಕಿನ ಸೀಕ್ವೆನ್ಸರ್ (ನುಡಿಸಿದ್ದನ್ನು ಒಂದೊಂದಾಗಿ ತುಂಬಿಟ್ಟು ಒಟ್ಟಿಗೆ ನುಡಿಸುವ ಭಾಗ) ಎಲ್ಲ ಇತ್ತು. ಇದೊಂದಿದ್ದರೆ ಪೂರ್ತಿ ಹಾಡು ಕಟ್ಟಬಹುದು ಅನ್ನುವುದೇ ಅದರ ಹೆಗ್ಗಳಿಕೆ. ಆದರೆ ಕಟ್ಟುವವರು ನೀವು. ಡ್ರಮ್ಸ್ ನೀವೇ ಬಾರಿಸಿ ಒಂದು ಟ್ರ್ಯಾಕಿನಲ್ಲಿ ತುಂಬಬೇಕು. ಆಮೇಲೆ ಬೇಸ್. ಆಮೇಲೆ ಸ್ಟ್ರಿಂಗ್ಸ್. ನೀವು ನುಡಿಸದೇ ಇದ್ದದ್ದನ್ನು ಸೀಕ್ವೆನ್ಸರ್ ತಾನಾಗಿ ನುಡಿಸುವುದಿಲ್ಲ.

ಇಷ್ಟು ಹೇಳಿದ ಮೇಲೂ ಗೌಡರು ಕೇಳಿದರು: "ಅಲ್ಲ ಮೇಷ್ಟ್ರೇ, ಇದಕ್ಕೆ ಮೂರು ಪಟ್ಟು ದುಡ್ಡು ಕೊಟ್ಟಿದ್ದೀನಿ. ಕಮ್ಮಿ ರೇಟಿನದರಲ್ಲಿ ಇರೋದು ಇದರಲ್ಲೂ ಇರಬೇಕಲ್ವಾ?"

ಎಲ್ಲರೂ ಎಡವುವುದು ಇಲ್ಲೇ. ನಾನು ಅವರಿಗೆ ಹೇಳಿದೆ: "ಗೌಡ್ರೇ, ಜೀಪಿಗೆ ಟಿಲ್ಲರಿಗಿಂತ ರೇಟು ಜಾಸ್ತಿ. ಹಾಗಂತ ಜೀಪಿನಲ್ಲಿ ಗದ್ದೆ ಉಳೋಕಾಗುತ್ತಾ?" ಅವರಿಗೆ ತಕ್ಷಣ ಅರ್ಥವಾಯಿತು. ಹೆಚ್ಚು ಬೆಲೆಯ ವರ್ಕ್‌ಸ್ಟೇಷನ್ನಿನಲ್ಲಿ ಟೋನು ಚೆನ್ನಾಗಿರುತ್ತದೆ. ಒಂದೊಂದು ಟೋನನ್ನೂ ಬಿಚ್ಚಿ ತಿದ್ದಬಹುದು. ಎಡಗೈ ಹಿಡಿದ ಕಾರ್ಡಿನ ಹಿಂದೆ ಇಡೀ ತಂಡ ನಡೆಯುವುದು ಮಾತ್ರ ಅದರ ಕೆಲಸವಲ್ಲ. ಕೆಲವು ಮಾಡೆಲ್‌ಗಳಲ್ಲಿ ಡ್ರಮ್ ಪ್ಯಾಟರ್ನ್, ಆರ್ಪೆಜಿಯೋ (ಹಿಡಿದ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದು) ಇರುತ್ತವೆ, ನಿಜ. ಅವು ಸ್ವಲ್ಪ ಮಟ್ಟಿಗೆ ಒದಗುತ್ತವೆ. ಆದರೆ ಅರೇಂಜರಿನ ಸ್ಟೈಲಿನ ಜಾಗ ತುಂಬುತ್ತವೆ ಅಂತ ನಾನಂತೂ ಹೇಳಲಾರೆ.

ಈ ತಪ್ಪು ಎಲ್ಲಿಂದ ಶುರುವಾಗುತ್ತದೆ ಅಂತ ನನಗೆ ಗೊತ್ತು. ಗಣಪತಿ ಹಬ್ಬದ ರಸಮಂಜರಿಯಲ್ಲಿ ಜನ ಸ್ಟೇಜಿನ ಮೇಲೆ ಕೀಬೋರ್ಡಿನವರನ್ನು ನೋಡುತ್ತಾರೆ. ಅವರ ಮುಂದೆ ರೋಲ್ಯಾಂಡ್ ಎಕ್ಸ್‌ಪಿಎಸ್-30 ಇರುತ್ತದೆ. ಕೊಳಲು, ಶಹನಾಯಿ, ವಯಲಿನ್ ಎಲ್ಲ ಅದರಿಂದಲೇ ಬರುತ್ತವೆ. "ಅದೇ ಬೇಕು" ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆದರೆ ಅವರ ಪಕ್ಕದಲ್ಲಿ ರಿದಂ ಪ್ಯಾಡಿನವರು ಇರುತ್ತಾರೆ, ಢೋಲಕ್‌ನವರು ಇರುತ್ತಾರೆ, ಬೇಸ್ ಗಿಟಾರಿನವರು ಇರುತ್ತಾರೆ. ನಾನೂ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ನುಡಿಸಿದವನು. ಅಲ್ಲಿ ಕೀಬೋರ್ಡಿನಿಂದ ರಿದಂ ಬಂದರೆ ಪ್ಯಾಡಿನವರಿಗೆ ತೊಂದರೆಯೇ. ಅಲ್ಲಿಗೆ ಎಕ್ಸ್‌ಪಿಎಸ್‌ನಂಥದ್ದೇ ಸರಿ. ಮನೆಯಲ್ಲಿ ಮಗು ಒಂದೇ ಕೂತು ನುಡಿಸಬೇಕಲ್ಲ, ಅದರ ಪಕ್ಕದಲ್ಲಿ ಪ್ಯಾಡಿನವರು ಯಾರಿದ್ದಾರೆ?

ಇನ್ನೊಂದು ಮಾತು. ಸ್ಟೇಜಿನಲ್ಲಿ ಕೇಳಿದ ಆ ಕೊಳಲು ಡಬ್ಬದಲ್ಲಿ ಬಂದ ಕೊಳಲೇ ಆಗಿರಬೇಕೆಂದಿಲ್ಲ. ಬಹಳಷ್ಟು ಕಲಾವಿದರು ಬೇರೆ ಟೋನುಗಳನ್ನು ಪೆನ್‌ಡ್ರೈವಿನಿಂದ ತುಂಬಿಸಿಕೊಂಡಿರುತ್ತಾರೆ. ಮೇಲೆ ಸೌಂಡ್ಸ್‌ನವರ ಮಿಕ್ಸರಿನ ಎಕೋ ಬೇರೆ. ಹಾಗಾಗಿ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಫ್ಯಾಕ್ಟರಿ ಟೋನನ್ನೇ ಕೇಳಿ. ಆಮೇಲೆ ತೀರ್ಮಾನ ಮಾಡಿ.

ಹಾಗಾದರೆ ವರ್ಕ್‌ಸ್ಟೇಷನ್ ಯಾರಿಗೆ? ತಂಡದಲ್ಲಿ ನುಡಿಸುವವರಿಗೆ. ಟ್ರ್ಯಾಕ್ ಮಾಡುವವರಿಗೆ. ಟೋನ್ ತಿದ್ದುತ್ತ ರಾತ್ರಿಯೆಲ್ಲ ಕೂರುವ ಹುಚ್ಚಿರುವವರಿಗೆ. ಅಂಥ ಹುಡುಗರು ಬಂದರೆ ನನಗೆ ಬಹಳ ಖುಷಿ. ಅವರಿಗೂ ಒಂದು ಎಚ್ಚರಿಕೆ ಹೇಳುತ್ತೇನೆ. ವರ್ಕ್‌ಸ್ಟೇಷನ್ ಅನ್ನುವ ಹೆಸರು ಈಗ ಸಡಿಲವಾಗಿದೆ. ಕೋರ್ಗ್ ನಾಟಿಲಸ್‌ನಲ್ಲಿ 16 ಮಿಡಿ ಟ್ರ್ಯಾಕು (ಯಾವ ಕೀ ಯಾವಾಗ ಒತ್ತಿದಿರಿ ಅಂತ ಬರೆದಿಡುವಂಥವು), 16 ಆಡಿಯೊ ಟ್ರ್ಯಾಕು ಇವೆ. ಯಮಹಾದವರು 2016ರಲ್ಲಿ ಮಾಂಟೇಜ್ ತಂದಾಗ ಹಳೆಯ ಮೋಟಿಫ್‌ನಲ್ಲಿದ್ದಂಥ ದೊಡ್ಡ ಸೀಕ್ವೆನ್ಸರನ್ನು ಕೈಬಿಟ್ಟರು. ಆ ಕೆಲಸ ಈಗ ಬಹುತೇಕ ಕಂಪ್ಯೂಟರಿಗೆ ಹೋಗಿದೆ. ಮನೆಯಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಇದ್ದರೆ ಸೀಕ್ವೆನ್ಸರಿಗಾಗಿಯೇ ಜಾಸ್ತಿ ದುಡ್ಡು ಸುರಿಯುವ ಅಗತ್ಯ ಇಲ್ಲದಿರಬಹುದು.

ಮಕ್ಕಳನ್ನು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಕೂರಿಸುವವರೂ ಗಮನಿಸಿ. ಟ್ರಿನಿಟಿಯವರ ಎಲೆಕ್ಟ್ರಾನಿಕ್ ಕೀಬೋರ್ಡ್ ಪರೀಕ್ಷೆಯಲ್ಲಿ ಸ್ಟೈಲ್ ಹಾಕಿ ನುಡಿಸುವ ತುಣುಕುಗಳೂ ಇರುತ್ತವೆ. ಪಿಯಾನೋ ಪರೀಕ್ಷೆ ಬೇರೆ, ಅದಕ್ಕೆ ಬೇಕಾದ ವಾದ್ಯವೂ ಬೇರೆ. ಮೊದಲು ಕಲಿಸುವವರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

"ಎಷ್ಟು ಟೋನ್ ಇದೆ?" ಅಂತ ಲೆಕ್ಕ ಹಾಕುವುದನ್ನು ದಯವಿಟ್ಟು ಬಿಡಿ. ಪಾಲಿಫೋನಿ, ಅಂದರೆ ಒಂದೇ ಹೊತ್ತಿಗೆ ಎಷ್ಟು ದನಿ ಹೊರಡಬಲ್ಲದು ಅನ್ನುವ ಲೆಕ್ಕ, ನೋಡಿ. 64 ಪಾಲಿಫೋನಿ ಇದ್ದು, ಒಂದು ಸ್ವರಕ್ಕೆ ನಾಲ್ಕು ಪದರದ ಟೋನ್ ಇಟ್ಟರೆ 16 ಸ್ವರಕ್ಕೇ ಮುಗಿಯಿತು. ಮುಂದಿನ ಸ್ವರ ಒತ್ತಿದರೆ ಹಿಂದಿನದು ಕಟ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು, ಅದರಲ್ಲೂ ಮಲೆನಾಡು ಕಡೆಯ ವಾದ್ಯವಾದರೆ, ಆತುರ ಬೇಡ. ಪಿಯಾನೋ ಟೋನ್ ಹಾಕಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪ್ರತಿ ಕೀಯನ್ನೂ ಮೆಲ್ಲಗೆ ಒತ್ತಿ. ಆಮೇಲೆ ಗಟ್ಟಿಯಾಗಿ ಒತ್ತಿ. ಸಾಮಾನ್ಯವಾಗಿ ಒಂದೊಂದು ಕೀ ಕೆಳಗೂ ರಬ್ಬರಿನಲ್ಲಿ ಎರಡು ಕರಿ ಚುಕ್ಕಿಗಳಿರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗುವ ನಡುವಿನ ಹೊತ್ತನ್ನು ಅಳೆದೇ ನೀವು ಎಷ್ಟು ಜೋರಾಗಿ ಒತ್ತಿದಿರಿ ಅಂತ ವಾದ್ಯಕ್ಕೆ ತಿಳಿಯುವುದು. ಮಳೆಗಾಲದ ತೇವಕ್ಕೆ ಅಲ್ಲಿ ಬೂಷ್ಟು ಕೂತರೆ ಈ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ಒತ್ತಿದರೂ ಒಂದು ಕೀ ಕಿರುಚುತ್ತದೆ, ಅಥವಾ ಸುಮ್ನಿರುತ್ತದೆ. ಬಹಳ ಸಲ ಬಿಚ್ಚಿ ಒರೆಸಿದರೆ ಸರಿಹೋಗುತ್ತದೆ. ಆದರೆ ನೋಡದೆ ಭರವಸೆ ಕೊಡಲಾರೆ. ಅಡಾಪ್ಟರನ್ನೂ ಅದರದ್ದೇ ಕೇಳಿ ಪಡೆಯಿರಿ. ಪಿನ್ ಕೂರುತ್ತದೆ ಅಂತ ಬೇರೆಯದನ್ನು ಚುಚ್ಚಬೇಡಿ. ಕೆಲವದಕ್ಕೆ ಪ್ಲಸ್ ಒಳಗಿರುತ್ತದೆ, ಕೆಲವದಕ್ಕೆ ಹೊರಗಿರುತ್ತದೆ.

ಗೌಡರ ವರ್ಕ್‌ಸ್ಟೇಷನ್ನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳು ಕಾದು, ಬೇಲೂರಿನ ಕಡೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಹುಡುಗನೊಬ್ಬನಿಗೆ ಕಮ್ಮಿ ಬೆಲೆಗೆ ಕೊಡಿಸಿದೆ. ಅವನಿಗೆ ಅದು ವರವೇ ಆಯಿತು. ಮಗುವಿಗೆ ಈಗ 61 ಕೀಯ ಅರೇಂಜರ್ ಇದೆ. ಶನಿವಾರ ದಾದ್ರಾ ಹಾಕಿಕೊಂಡು ಸಿಯಿಂದ ಎಫ್‌ಗೆ ಹೋಗುವುದನ್ನು ಅಭ್ಯಾಸ ಮಾಡುತ್ತಿದ್ದಳು. ಕಿರುಬೆರಳು ಇನ್ನೂ ತಡವಾಗಿ ಬೀಳುತ್ತಿದೆ. ತಬಲಾ ಮಾತ್ರ ಅವಳ ಬೆರಳಿಗಾಗಿ ಕಾಯದೆ ಮುಂದೆ ಹೋಗುತ್ತದೆ, ಅವಳು "ಸಾರ್, ಇನ್ನೊಂದ್ ಸಲ" ಅಂತ ಸ್ಟಾಪ್ ಒತ್ತಿ ಮೊದಲಿಂದ ಶುರು ಮಾಡುತ್ತಾಳೆ.