ಮರದ ಬುಡ ಬೋಳಾದದ್ದು ಎಲೆಯಿಂದಲ್ಲ

ಹುಲ್ಲುಗಾವಲು ನೋಡಿ ಸಲಹೆ ಕೊಡಿ ಎಂದು ಕರೆದವರು ನನ್ನನ್ನು ಮೊದಲು ಕರೆದುಕೊಂಡು ಹೋಗುವುದು ಮರದ ಬುಡಕ್ಕೆ. ಅಲ್ಲಿ ಹುಲ್ಲಿಲ್ಲ. ಮಣ್ಣು ಗುಡಿಸಿದ ಅಂಗಳದ ಹಾಗೆ ಬೋಳಾಗಿ, ಗಟ್ಟಿಯಾಗಿ ಬಿದ್ದಿರುತ್ತದೆ. ಪಕ್ಕದಲ್ಲಿ ಒಂದು ಗುಡ್ಡೆ ಬೂದಿ. "ನೋಡಿ ಸರ್, ಈ ಮರದ ಎಲೆ ಬಿದ್ದ ಕಡೆ ಹುಲ್ಲು ಏಳೋದೇ ಇಲ್ಲ. ವಾರಕ್ಕೊಂದು ಸಲ ಗುಡಿಸಿ ಸುಡ್ತೀವಿ. ಆದ್ರೂ ಬರ್ತಿಲ್ಲ" ಅನ್ನುತ್ತಾರೆ.

ಆ ಕೊನೆಯ ಮಾತನ್ನು ಹೇಳಿದವರೇ ಕೇಳಿಸಿಕೊಂಡಿರುವುದಿಲ್ಲ. ಎಲೆ ತೆಗೆದಮೇಲೂ ಹುಲ್ಲು ಬರಲಿಲ್ಲ ಅಂದರೆ ತಪ್ಪು ಎಲೆಯದು ಹೇಗಾಯಿತು?

ನನ್ನ ಚೀಲದಲ್ಲಿ ಎರಡಡಿ ಉದ್ದದ, ಬೆರಳು ದಪ್ಪದ ಒಂದು ಕಬ್ಬಿಣದ ಸರಳು ಇರುತ್ತದೆ. ಅದನ್ನು ಯಜಮಾನರ ಕೈಗೇ ಕೊಟ್ಟು, ಬೋಳು ಜಾಗದಲ್ಲಿ ಒತ್ತಿ ನೋಡಿ ಅನ್ನುತ್ತೇನೆ. ಎರಡು ಬೆರಳಿನಷ್ಟು ಇಳಿದು ನಿಂತುಬಿಡುತ್ತದೆ. ಮೈಭಾರ ಹಾಕಿದರೂ ಅಷ್ಟೇ. ಇಪ್ಪತ್ತು ಹೆಜ್ಜೆ ಆಚೆ, ಹುಲ್ಲಿರುವ ಕಡೆ ಒತ್ತಿದರೆ ಅದೇ ಸರಳು ಒಂದು ಗೇಣು ಸಲೀಸಾಗಿ ಹೋಗುತ್ತದೆ. ಇಷ್ಟು ನೋಡಿದ ಮೇಲೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಕೆಲವರು ಮಾತ್ರ ಬಿಡುವುದಿಲ್ಲ. "ಎಲೆಯ ಕಾವಿಗೇ ಮಣ್ಣು ಹೀಗೆ ಗಟ್ಟಿಯಾಗಿರೋದು" ಎಂದವರೂ ಇದ್ದಾರೆ.

ಮಣ್ಣನ್ನು ಗಟ್ಟಿ ಮಾಡಿದ್ದು ಗೊರಸು. ಇದೊಂದು ಮಾತನ್ನು ಎಷ್ಟು ಸಲ ಹೇಳಿದ್ದೇನೋ, ಇವತ್ತು ಲೆಕ್ಕ ಹಾಕಿಯೇ ಹೇಳುತ್ತೇನೆ. ನಾನೂರು ಕಿಲೋ ತೂಕದ ಒಂದು ದನ ಅಂದುಕೊಳ್ಳಿ. ಒಂದು ಗೊರಸು ನೆಲಕ್ಕೆ ತಾಗುವ ಜಾಗ ಸುಮಾರು 70 ಚದರ ಸೆಂಟಿಮೀಟರ್ ಅಂತಿಟ್ಟುಕೊಂಡರೆ ನಾಲ್ಕೂ ಸೇರಿ 280. ಅಂದರೆ ಸುಮ್ನೆ ನಿಂತಾಗಲೇ ಒಂದೊಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 1.4 ಕಿಲೋ ಭಾರ. ಎಪ್ಪತ್ತು ಕಿಲೋ ತೂಗುವ ಮನುಷ್ಯ ಚಪ್ಪಲಿ ಹಾಕಿಕೊಂಡು ನಿಂತರೆ ಅದು 0.2 ಕಿಲೋ ಆಸುಪಾಸು. ಏಳು ಪಟ್ಟು ವ್ಯತ್ಯಾಸ. ದನ ನಡೆಯುವಾಗ ಎಲ್ಲ ಕಾಲೂ ಒಟ್ಟಿಗೆ ನೆಲದ ಮೇಲಿರುವುದಿಲ್ಲ, ಹಾಗಾಗಿ ಊರಿದ ಕಾಲಿನ ಮೇಲೆ ಇನ್ನೂ ಜಾಸ್ತಿ. ಅಂಥ ಇಪ್ಪತ್ತು ದನ, ಒಂದೇ ಮರದ ಕೆಳಗೆ, ದಿನಕ್ಕೆ ಮೂರು ನಾಲ್ಕು ಗಂಟೆ, ವರ್ಷವಿಡೀ. ಮಳೆಗಾಲದಲ್ಲಂತೂ ಒದ್ದೆ ಮಣ್ಣನ್ನು ಕಲಸಿ ಕಲಸಿ ಇಡುತ್ತವೆ. ಅದು ಒಣಗಿದಾಗ ಇಟ್ಟಿಗೆ. ಹುಲ್ಲಿನ ಚಿಗುರು ಮೊಳೆಯುವ ಗಂಟು ಇರುವುದು ನೆಲಮಟ್ಟದಲ್ಲೇ. ಅದನ್ನು ದಿನಾ ತುಳಿದರೆ ಯಾವ ಹುಲ್ಲು ತಾನೆ ಉಳಿಯುತ್ತದೆ?

ನೆರಳೂ ಕಾರಣ ಅಲ್ವಾ ಎಂದು ಕೇಳುವವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ. ಹೌದು, ಅದಕ್ಕೂ ಪಾಲಿದೆ. ಉಷ್ಣವಲಯದ ಮೇವಿನ ಹುಲ್ಲುಗಳು ಹೆಚ್ಚಾಗಿ ಬಿಸಿಲುಪ್ರಿಯ. ದಟ್ಟ ನೆರಳಿನಲ್ಲಿ ಅವು ತೆಳುವಾಗುತ್ತವೆ. ಆದರೆ ತೆಳುವಾಗುವುದು ಬೇರೆ, ಬೋಳಾಗುವುದು ಬೇರೆ. ಹಗುರ ನೆರಳಿನ ಮರವಾದರೆ ಎಷ್ಟೋ ಕಡೆ ಮಳೆ ನಿಂತ ಮೇಲೆ ಕೊನೆಗೆ ಒಣಗುವ ಹುಲ್ಲು ಅದರ ಕೆಳಗಿನದೇ. ದನಕ್ಕೂ ಇದು ಗೊತ್ತು.

ಆರು ಮರಗಳಿದ್ದ ಒಬ್ಬ ಯಜಮಾನರ ಕತೆ ಹೇಳುತ್ತೇನೆ. ಎಲ್ಲದರ ಬುಡದಲ್ಲೂ ಸಣ್ಣ ಸಣ್ಣ ಬೋಳು. ಎಲೆಯ ಮೇಲೆ ಸಿಟ್ಟು ಬಂದು ಎರಡು ವರ್ಷದಲ್ಲಿ ಐದನ್ನು ಕಡಿಸಿದರು. ಉಳಿದದ್ದು ಒಂದು. ಆರು ಮರದಡಿ ಹಂಚಿಹೋಗುತ್ತಿದ್ದ ಅಷ್ಟೂ ದನ ಈಗ ಅದೊಂದರ ಕೆಳಗೇ. ಅದರ ಬೋಳು ಹಬ್ಬುತ್ತಾ ಹಬ್ಬುತ್ತಾ ಮರದ ಹರವನ್ನೂ ದಾಟಿ ಹೋಗಿತ್ತು. ನನ್ನನ್ನು ಅಲ್ಲಿ ನಿಲ್ಲಿಸಿ, "ಆ ಐದಕ್ಕಿಂತ ಇದರ ಎಲೆ ಜಾಸ್ತಿ ವಿಷ ಸರ್" ಎಂದರು. ನಗು ಬಂದರೂ ನಗಲಿಲ್ಲ. ಎಲೆ ಬೀಳದ, ಬಿಸಿಲು ಸುರಿಯುವ ಜಾಗದಲ್ಲೂ ಹುಲ್ಲಿಲ್ಲ ಅಂದಮೇಲೆ ಇದು ಎಲೆಯ ಕೆಲಸವೂ ಅಲ್ಲ, ನೆರಳಿನ ಕೆಲಸವೂ ಅಲ್ಲ ಎಂದು ವಿವರಿಸಲು ಅರ್ಧ ದಿನ ಹಿಡಿಯಿತು.

ಬೈಯುವುದು ಸುಲಭ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಒಬ್ಬರಿಗೆ ಎಲೆ ಗುಡಿಸಿ ತೆಗೆಯಿರಿ ಎಂದು ಹೇಳಿದ್ದೆ. ಅವರು ಶ್ರದ್ಧೆಯಿಂದ ಗುಡಿಸಿದರು. ಇಳಿಜಾರಿನ ನೆಲ. ಎರಡನೇ ಮಳೆಗಾಲದಲ್ಲಿ ಮರದ ಬುಡದಿಂದ ಕೆಳಗೆ ಮೊಣಕೈ ಆಳದ ಕೊರಕಲು ಬಿದ್ದಿತ್ತು, ಬೇರು ಹೊರಗೆ ಕಾಣುತ್ತಿತ್ತು. ದೊಡ್ಡ ಮರದ ಎಲೆಯಿಂದ ಜಾರುವ ಹನಿ ಸಾಮಾನ್ಯ ಮಳೆಹನಿಗಿಂತ ದಪ್ಪ. ಎತ್ತರದಿಂದ ಬೋಳು ಮಣ್ಣಿಗೆ ಬಿದ್ದರೆ ಗುದ್ದಿದ ಹಾಗೆ. ಅದನ್ನು ತಡೆಯುತ್ತಿದ್ದ ತರಗೆಲೆಯನ್ನು ನಾನೇ ತೆಗೆಸಿದ್ದೆ.

ತರಗೆಲೆ ಅಲ್ಲಿ ಇನ್ನೇನು ಮಾಡುತ್ತದೆ? ಕೊಟ್ಟಿಗೆಯಲ್ಲಿ ದನದ ಕೆಳಗೆ ಒಣಹುಲ್ಲೋ ಸೊಪ್ಪೋ ಹಾಸುವುದು ಯಾಕೆ ಎಂದು ಕೇಳಿದರೆ ಮಕ್ಕಳೂ ಹೇಳುತ್ತಾರೆ: ಗಂಜಲ ಹೀರಿಕೊಳ್ಳಲಿ ಅಂತ. ಮರದಡಿಯ ಎಲೆಯೂ ಅಂಥದೇ ಹಾಸು, ಅದೂ ಪುಕ್ಕಟೆ. ಮಧ್ಯಾಹ್ನ ಮೆಲುಕು ಹಾಕುತ್ತಾ ಮಲಗಿದ ದನ ಇಡೀ ಹೊಲದಲ್ಲಿ ಮೇಯ್ದದ್ದರ ಒಂದು ಪಾಲನ್ನು ಸಗಣಿ, ಗಂಜಲವಾಗಿ ಅಲ್ಲೇ ಬಿಡುತ್ತದೆ. ಬೋಳು ನೆಲಕ್ಕೆ ಬಿದ್ದ ಗಂಜಲದ ಸಾರಜನಕದಲ್ಲಿ ಒಂದಷ್ಟು ಬಿಸಿಲಿಗೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಹೊಡೆಯುವ ಆ ವಾಸನೆ ಅದೇ. ಮಳೆ ಬಂದರೆ ಇನ್ನೊಂದಷ್ಟು ತೊಳೆದುಹೋಗುತ್ತದೆ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸಾರಜನಕಕ್ಕೆ ಹಸಿದಿರುತ್ತವೆ. ಗಂಜಲ ಸಿಕ್ಕಿದರೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ.

ಇನ್ನೊಂದು ತುದಿಯವರೂ ಇದ್ದಾರೆ. ಹೊಲದಲ್ಲಿ ನಾಲ್ಕು ಮರವಿದ್ದರೆ ಸಾಕು, ಎಲೆಯಿಂದಲೇ ಗೊಬ್ಬರ ಎಲ್ಲ ಬಂತು ಅನ್ನುವವರು. ಅವರಿಗೂ ಒಂದು ಲೆಕ್ಕ ಕೊಡುತ್ತೇನೆ. ಬುಡದಿಂದ ಎಲ್ಲ ಕಡೆಗೂ 5 ಮೀಟರ್ ಹರಡಿದ ಮರದ ಕೆಳಗೆ ಸುಮಾರು 78 ಚದರ ಮೀಟರ್ ಜಾಗ. ವರ್ಷಕ್ಕೆ ಚದರ ಮೀಟರಿಗೆ 300 ಗ್ರಾಂ ಒಣ ಎಲೆ ಬಿತ್ತು ಅಂತಿಟ್ಟುಕೊಳ್ಳಿ: 23 ಕಿಲೋ. ಅದರಲ್ಲಿ ನೂರಕ್ಕೆ ಒಂದೂವರೆ ಪಾಲು ಸಾರಜನಕವಿದ್ದರೆ ಸುಮಾರು 350 ಗ್ರಾಂ. ಒಂದು ದನದ ಒಂದು ದಿನದ ಸಗಣಿ ಒಣಗಿದರೆ 3 ಕಿಲೋ, ಅದರಲ್ಲಿ ನೂರಕ್ಕೆ ಎರಡು ಪಾಲು ಸಾರಜನಕ ಎಂದರೆ 60 ಗ್ರಾಂ. ಮರ ವರ್ಷವಿಡೀ ಎಲೆಯಲ್ಲಿ ಕೊಟ್ಟದ್ದನ್ನು ಒಂದು ದನ ಆರು ದಿನದಲ್ಲಿ ಸಗಣಿಯಲ್ಲೇ ಹಾಕುತ್ತದೆ. ಇದು ಕಾಗದದ ಲೆಕ್ಕ, ನಿಮ್ಮ ಮರಕ್ಕೂ ದನಕ್ಕೂ ಅಂಕಿ ಬದಲಾಗುತ್ತದೆ. ಆದರೂ ಅಳತೆ ಗೊತ್ತಿರಲಿ. ಒಂದು ವ್ಯತ್ಯಾಸವನ್ನಂತೂ ಮರೆಯಬೇಡಿ. ಸಗಣಿಯಲ್ಲಿರುವುದು ಅದೇ ಹೊಲದ ಹುಲ್ಲಿನದು, ಅಲ್ಲಿಂದ ಇಲ್ಲಿಗೆ ಬಂದದ್ದು ಅಷ್ಟೆ. ಎಲೆಯಲ್ಲಿರುವುದರಲ್ಲಿ ಒಂದಷ್ಟು ಹುಲ್ಲಿನ ಬೇರು ಮುಟ್ಟದ ಆಳದಿಂದ ಮೇಲೆ ಬಂದದ್ದಾಗಿರಬಹುದು.

ಹಣ್ಣೆಲೆಯ ವಿಷಯದಲ್ಲಿ ಮರ ಮಹಾ ಜುಗ್ಗ. ಎಲೆ ಹಳದಿಯಾಗಿ ಉದುರುವ ಮೊದಲು ಅದರಲ್ಲಿದ್ದ ಸಾರಜನಕ, ರಂಜಕದಲ್ಲಿ ಹೆಚ್ಚುಕಮ್ಮಿ ಅರ್ಧವನ್ನು ವಾಪಸ್ ಎಳೆದುಕೊಂಡಿರುತ್ತದೆ. ಸುಣ್ಣದ ಅಂಶವನ್ನು ಮಾತ್ರ ಹಾಗೆ ಎಳೆದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಹುಳಿ ಮಣ್ಣಿರುವ ಕಡೆ ತರಗೆಲೆಯ ಬೆಲೆ ಇರುವುದು ಸಾರಜನಕಕ್ಕಿಂತ ಅಲ್ಲೇ. ಪೊಟ್ಯಾಶ್ ಒಂದೆರಡು ಜೋರು ಮಳೆಗೇ ಎಲೆಯಿಂದ ತೊಳೆದು ಮಣ್ಣಿಗಿಳಿಯುತ್ತದೆ, ಎಲೆ ಕೊಳೆಯುವವರೆಗೂ ಕಾಯುವುದಿಲ್ಲ. ಕೊಂಬೆ ಕಡಿದು ಹಾಸಿದ ಹಸಿ ಸೊಪ್ಪು ಬೇರೆ ಲೆಕ್ಕ, ಅದರಲ್ಲಿ ಎಲ್ಲವೂ ಇನ್ನೂ ಒಳಗೇ ಇರುತ್ತದೆ.

ಸುಟ್ಟರೆ? ಸಾರಜನಕದ ಬಹುಪಾಲು ಹೊಗೆಯಲ್ಲಿ ಹೋಯಿತು. ಉಳಿದ ಬೂದಿ ಗಾಳಿಗೋ ಮೊದಲ ಮಳೆಗೋ ಸಿಗುತ್ತದೆ. ಬುಡದಲ್ಲೇ ಗುಡ್ಡೆ ಮಾಡಿ ಸುಟ್ಟರೆ ತೊಗಟೆಯ ಒಳಗಿನ ಜೀವಪದರಕ್ಕೂ ಬಿಸಿ ತಾಗುತ್ತದೆ. ಅದು 60 ಡಿಗ್ರಿ ಆಸುಪಾಸಿಗೇ ಸಾಯುತ್ತದೆ. ಎಳೆ ಮರಗಳಿಗೆ ತೊಗಟೆ ತೆಳು. "ಯಾಕೋ ಮರ ಒಣಗ್ತಾ ಇದೆ ಸರ್" ಎಂಬ ಫೋನ್ ಬರುವುದು ಆಮೇಲೆ.

ಎಲ್ಲ ಎಲೆಯೂ ಒಂದೇ ಅಲ್ಲ, ಇದನ್ನೂ ಹೇಳಲೇಬೇಕು. ಮಧ್ಯ ಅಮೆರಿಕದ ಹುಲ್ಲುಗಾವಲುಗಳಲ್ಲಿ ಗ್ವಾನಕಾಸ್ತೆ ಎಂಬ ದೊಡ್ಡ ಮರ ಅಲ್ಲೊಂದು ಇಲ್ಲೊಂದು ಕೊಡೆ ಬಿಚ್ಚಿ ನಿಂತಿರುತ್ತದೆ. ಕೋಸ್ಟರಿಕ ದೇಶದ ರಾಷ್ಟ್ರವೃಕ್ಷ ಅದು, 1959ರಿಂದ. ದ್ವಿದಳ ಜಾತಿ, ಹುಣಸೆಯ ಹಾಗೆ ಪುಟ್ಟ ಪುಟ್ಟ ಕಿರುಎಲೆ. ಅಂಥ ಎಲೆ ಉದುರಿದರೆ ಹುಲ್ಲಿನ ಸಂದಿಯಲ್ಲಿ ಜಾರಿ ನೆಲ ಸೇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೂ ದೂರು ಕೊಡುವುದಿಲ್ಲ. ಅಂಗೈಗಿಂತ ದೊಡ್ಡದಾದ, ಚಕ್ಕೆಯಂಥ ಎಲೆ ಮಾತ್ರ ಹುಲ್ಲಿನ ಮೇಲೇ ಕೂತು ಬೈಸಿಕೊಳ್ಳುತ್ತದೆ. ಆಫ್ರಿಕದ ಸಹೇಲ್ ಸೀಮೆಯಲ್ಲಿ ಫೈಡರ್ಬಿಯಾ ಎಂಬ ಜಾಲಿಯ ನೆಂಟನೊಂದಿದೆ. ಅದರ ದಾರಿಯೇ ಬೇರೆ. ಎಲ್ಲ ಮರ ಬೋಳಾಗುವ ಬೇಸಿಗೆಯಲ್ಲಿ ಚಿಗುರಿ, ಮಳೆ ಶುರುವಾದಾಗ ಎಲೆ ಉದುರಿಸುತ್ತದೆ. ಹುಲ್ಲಿಗೂ ಬೆಳೆಗೂ ಬಿಸಿಲು ಬೇಕಾದ ಹೊತ್ತಿಗೆ ನೆರಳು ತೆಗೆದುಕೊಂಡು ಪಕ್ಕಕ್ಕೆ ಸರಿದ ಹಾಗೆ. ಅಲ್ಲಿನ ರೈತರು ಅದನ್ನು ಹೊಲದ ನಡುವೆಯೇ ಉಳಿಸಿಕೊಂಡು ಬಂದಿದ್ದಾರೆ.

ನಿಮ್ಮ ಮರದ ಎಲೆ ಎಷ್ಟು ದಿನಕ್ಕೆ ಕರಗುತ್ತದೆ ಎಂದು ತಿಳಿಯಬೇಕೇ? ನೈಲಾನ್ ಬಲೆಯ ಒಂದು ಚೀಲ ಹೊಲೆಯಿರಿ, ಒಂದು ಗೇಣು ಉದ್ದ, ಒಂದು ಗೇಣು ಅಗಲ. ಒಣಗಿದ ಎಲೆ 10 ಗ್ರಾಂ ತೂಗಿ ತುಂಬಿ ಮರದಡಿ ನೆಲಕ್ಕೆ ಗೂಟ ಹೊಡೆದಿಡಿ. ಇಂಥ ಏಳೆಂಟು ಇಟ್ಟು ತಿಂಗಳಿಗೊಂದು ಎತ್ತಿ, ಮಣ್ಣು ಕೊಡವಿ, ಒಣಗಿಸಿ ತೂಗಿ. ಸಂಶೋಧಕರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಮೆತ್ತನೆಯ, ನೂರಕ್ಕೆ ಎರಡು ಪಾಲಿಗಿಂತ ಜಾಸ್ತಿ ಸಾರಜನಕವಿರುವ ಎಲೆ ಮಳೆಗಾಲದಲ್ಲಿ ಕೆಲವೇ ವಾರದಲ್ಲಿ ಅರ್ಧ ಕರಗಿರುತ್ತದೆ. ನಾರು ಜಾಸ್ತಿಯಿರುವ, ಕಚ್ಚಿದರೆ ಒಗರಾದ ಎಲೆ ವರ್ಷ ಕಳೆದರೂ ನರಗಳ ಬಲೆಯಾಗಿ ಉಳಿದಿರುತ್ತದೆ. (ಗೊತ್ತಿಲ್ಲದ ಎಲೆಯನ್ನು ಕಚ್ಚಿ ನೋಡಬೇಡಿ ಮತ್ತೆ.) ನಿಧಾನವಾಗಿ ಕರಗುವುದು ದೋಷವೇನಲ್ಲ. ಬೇಗ ಕರಗಿದ್ದು ಗೊಬ್ಬರ, ನಿಧಾನವಾಗಿ ಕರಗಿದ್ದು ಹೊದಿಕೆ. ಎರಡೂ ಬೆರೆತಿದ್ದರೆ ಇನ್ನೂ ಒಳ್ಳೆಯದು.

ಎಲೆ ನಿಜವಾಗಿಯೂ ತೊಂದರೆ ಕೊಡುವ ಸಂದರ್ಭ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ದೊಡ್ಡೆಲೆಯ ಮರಗಳು ಒತ್ತೊತ್ತಾಗಿದ್ದು, ತರಗು ನಾಲ್ಕೈದು ಬೆರಳು ದಪ್ಪ ಕೂತರೆ ಕೆಳಗಿನ ಮೊಳಕೆ ಮೇಲೆ ಬರಲಾರದು. ಅಂಥಲ್ಲಿ ಒಂದಷ್ಟನ್ನು ಕೆದಕಿ ಹುಲ್ಲಿನ ಕಡೆಗೆ ತೆಳುವಾಗಿ ಹರಡಿ. ಕಾಳ್ಗಿಚ್ಚಿನ ಭಯವಿರುವ ಕಡೆ ಬೇಲಿಯುದ್ದಕ್ಕೂ ಗುಡಿಸಿ ದಾರಿ ಬಿಡುವುದು ಸರಿಯೇ. ಇನ್ನು ವಿಷದ ಗಿಡಗಳು. ಎಲೆ ಒಣಗಿತು, ವಿಷ ಹೋಯಿತು ಎಂದುಕೊಳ್ಳಬೇಡಿ. ಕಣಗಿಲೆಯ ಒಣ ಎಲೆಯೂ ದನವನ್ನು ಕೊಲ್ಲುತ್ತದೆ. ನಿಮ್ಮ ಹೊಲದ ಮರ ಯಾವುದೆಂದು ತಿಳಿಯದಿದ್ದರೆ ಪಶುವೈದ್ಯರಿಗೆ ಒಂದು ಕೊಂಬೆ ತೋರಿಸಿ.

ಉಳಿದದ್ದೆಲ್ಲ ಗೊರಸಿನ ವ್ಯವಹಾರ. ನೀರಿನ ತೊಟ್ಟಿ, ಉಪ್ಪಿನ ಗಡ್ಡೆ ಎರಡನ್ನೂ ಮರದ ಬುಡದಲ್ಲೇ ಇಟ್ಟವರನ್ನು ಎಷ್ಟು ಕಂಡಿದ್ದೇನೆ! ನೀರು ಬಿಸಿಯಾಗದಿರಲಿ ಎಂಬ ಕಾಳಜಿ, ಒಪ್ಪುತ್ತೇನೆ. ಆದರೆ ನೆರಳು, ನೀರು, ಉಪ್ಪು ಮೂರೂ ಒಂದೇ ಕಡೆ ಸಿಕ್ಕರೆ ದನ ಅಲ್ಲಿಂದ ಏಳುವುದಾದರೂ ಯಾಕೆ? ಉಪ್ಪನ್ನು ಮೊದಲು ದೂರ ಮಾಡಿ. ಆಮೇಲೆ ತೊಟ್ಟಿ. ತಾನಾಗಿಯೇ ಹುಟ್ಟಿದ ಸ್ಥಳೀಯ ಸಸಿಗಳು ಹುಲ್ಲಿನ ನಡುವೆ ಕಂಡರೆ ನಾಲ್ಕು ಗೂಟ ನೆಟ್ಟು, ಮುಳ್ಳು ಸುತ್ತಿ ಕಾಪಾಡಿ. ಮರ ಹೆಚ್ಚಿದಷ್ಟೂ ಒಂದೊಂದರ ಕೆಳಗಿನ ತುಳಿತ ಕಡಿಮೆ.

ಆ ಒಂಟಿ ಮರದ ಯಜಮಾನರಿಗೆ ನಾನು ಹೇಳಿದ್ದು ಒಂದೇ ಕೆಲಸ. ಬೋಳಿನ ನಡುವೆ, ಕೊಂಬೆಯ ನೇರ ಕೆಳಗೆ, ಎರಡು ಮಾರು ಚೌಕದ ಜಾಗಕ್ಕೆ ಬೇಲಿ ಹಾಕಿ. ಒಳಗೆ ಏನನ್ನೂ ಬಿತ್ತಬೇಡಿ, ಅಗೆಯಬೇಡಿ. ಮುಖ್ಯವಾಗಿ ಬಿದ್ದ ಎಲೆ ಒಂದನ್ನೂ ತೆಗೆಯಬೇಡಿ. ಬೇಲಿಯ ಹೊರಗೆ ಬೇಕಾದರೆ ದಿನಾ ಗುಡಿಸಿಕೊಳ್ಳಿ. ಅವರು ನಂಬಲಿಲ್ಲ, ಆದರೆ ಬೇಲಿ ಹಾಕಿದರು. ಮಳೆ ಹಿಡಿದು ಮೂರು ತಿಂಗಳಾದ ಮೇಲೆ ಫೋನ್ ಬಂತು, ಸಿಟ್ಟಿನಲ್ಲಿದ್ದರು. "ನಿಮ್ಮ ಬೇಲಿ ನಿಲ್ತಾ ಇಲ್ಲ ಸರ್. ಗಬ್ಬದ ಹಸು ಕತ್ತು ಹಾಕಿ ಹಾಕಿ ಎರಡು ಗೂಟ ಕಿತ್ತಿದೆ." ಕತ್ತು ಯಾಕೆ ಹಾಕುತ್ತಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಒಳಗೆ ಹುಲ್ಲಿದೆಯಲ್ಲ" ಅಂದರು.