ಡಿವೈಸ್ ಯಾವ ಮೆಮೊರಿಗೆ ಹತ್ತಿರ? ಲಿನಕ್ಸ್ ಕರ್ನಲ್‌ನಲ್ಲಿ ಒಂದು ಅಂಕಿಯ ಓಡಾಟ

ಎರಡು ಸಾಕೆಟ್‌ನ, ಅಂದರೆ ಎರಡು ಸಿಪಿಯು ಚಿಪ್ ಕೂರುವ ಸರ್ವರ್ ಒಂದನ್ನು ತಗೊಳ್ಳಿ. ಪ್ರತಿ ಸಾಕೆಟ್‌ಗೂ ಅದರದೇ ಮೆಮೊರಿ ಕಂಟ್ರೋಲರ್, ಅದರದೇ ರ್‍ಯಾಮ್. ಸಿಪಿಯು ತನ್ನ ಪಕ್ಕದ ರ್‍ಯಾಮ್ ಓದಿದರೆ ಬೇಗ, ಆಚೆ ಸಾಕೆಟ್‌ನದನ್ನು ಓದಿದರೆ ತಡ. ನ್ಯೂಮಾ ಅಂದರೆ ಇದೇ, ಇಷ್ಟನ್ನು ಪಾಠದಲ್ಲಿ ಎಲ್ಲರೂ ಓದಿರುತ್ತೇವೆ. ಆದರೆ ಆ ಪಾಠದ ಚಿತ್ರದಲ್ಲಿ ನೆಟ್‌ವರ್ಕ್ ಕಾರ್ಡ್, ಎನ್‌ವಿಎಂಇ ಡಿಸ್ಕ್, ಜಿಪಿಯು ಎಲ್ಲೂ ಕಾಣುವುದಿಲ್ಲ. ಅವೂ ಡಿಎಂಎ ಮೂಲಕ ಮೆಮೊರಿಯನ್ನು ನೇರವಾಗಿ ಮುಟ್ಟುತ್ತವಲ್ಲ? ಅವಕ್ಕೂ ಹತ್ತಿರ, ದೂರ ಇದ್ದೇ ಇದೆ.

ಮೊದಲು ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿರಲಿಲ್ಲ. ಮೆಮೊರಿ ಕಂಟ್ರೋಲರ್ ಸಿಪಿಯು ಒಳಗೆ ಬಂದದ್ದು ಎಎಂಡಿಯಲ್ಲಿ 2003ರ ಆಪ್ಟೆರಾನ್ ಜೊತೆ, ಇಂಟೆಲ್‌ನಲ್ಲಿ 2008ರ ನೆಹಲೆಮ್ ಜೊತೆ. ಆಗಿನ್ನೂ ಕಾರ್ಡ್‌ಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳು ಹೊರಗಿನ ಚಿಪ್‌ನಿಂದ ಹೊರಡುತ್ತಿದ್ದವು. 2012ರಲ್ಲಿ ಬಂದ ಇಂಟೆಲ್ ಜಿಯಾನ್ ಇ5 ಸರಣಿಯಲ್ಲಿ ಅವೂ ಸಿಪಿಯು ಒಳಗೇ ಸೇರಿಕೊಂಡವು. ಅಲ್ಲಿಂದ ಮುಂದೆ ಮದರ್‌ಬೋರ್ಡಿನ ಪ್ರತಿಯೊಂದು ಸ್ಲಾಟೂ ಯಾವುದೋ ಒಂದು ಸಾಕೆಟ್‌ಗೆ ಸೇರಿದ್ದು. ಕಾರ್ಡನ್ನು ಯಾವ ಸ್ಲಾಟ್‌ಗೆ ಚುಚ್ಚಿದಿರಿ ಎನ್ನುವುದೇ ಅದರ ನೋಡ್ (ಒಟ್ಟಿಗಿರುವ ಸಿಪಿಯು, ರ್‍ಯಾಮ್‌ಗಳ ಗುಂಪು) ಯಾವುದೆಂದು ತೀರ್ಮಾನಿಸುತ್ತದೆ.

ಇದು ಕರ್ನಲ್‌ಗೆ ಹೇಗೆ ಗೊತ್ತಾಗುತ್ತದೆ? ಅದು ಅಳೆದು ನೋಡುವುದಿಲ್ಲ, ಫರ್ಮ್‌ವೇರ್ ಹೇಳಿದ್ದನ್ನು ನಂಬುತ್ತದೆ. ಫರ್ಮ್‌ವೇರ್ ಹಾರ್ಡ್‌ವೇರ್‌ನ ವಿವರವನ್ನು ಕರ್ನಲ್‌ಗೆ ಒಪ್ಪಿಸುವ ಮಾನಕ ಎಸಿಪಿಐ. ಅದರ ‘ಸ್ರಾಟ್’ ಕೋಷ್ಟಕದಲ್ಲಿ ಯಾವ ಸಿಪಿಯು, ಯಾವ ವಿಳಾಸದ ಮೆಮೊರಿ ಯಾವ ಪ್ರಾಕ್ಸಿಮಿಟಿ ಡೊಮೈನ್‌ಗೆ (ನೋಡ್‌ಗೆ ಫರ್ಮ್‌ವೇರ್ ಇಟ್ಟ ಹೆಸರು) ಸೇರಿದೆ ಎಂದಿರುತ್ತದೆ. ಪಿಸಿಐ ಡಿವೈಸ್‌ಗಳ ವಿಷಯ ಬರುವುದು ಬೇರೆ ದಾರಿಯಲ್ಲಿ: ಸಿಪಿಯುವಿಗೂ ಪಿಸಿಐ ಬಸ್‌ಗೂ ಸೇತುವೆಯಾದ ಹೋಸ್ಟ್ ಬ್ರಿಡ್ಜ್‌ನ ವಿವರಣೆಯಲ್ಲಿ ‘_ಪಿಎಕ್ಸ್‌ಎಂ’ ಎಂಬ ಪುಟ್ಟ ಮೆಥಡ್ ಇರುತ್ತದೆ, ಅದು ಒಂದು ಡೊಮೈನ್ ಸಂಖ್ಯೆ ಕೊಡುತ್ತದೆ. ಕರ್ನಲ್ ಅದನ್ನು ತನ್ನ ನೋಡ್ ಸಂಖ್ಯೆಗೆ ಬದಲಿಸಿಕೊಂಡು ಬಸ್‌ಗೆ ಅಂಟಿಸುತ್ತದೆ, ಬಸ್‌ನಿಂದ ಅದು ಡಿವೈಸ್‌ಗೆ ಇಳಿಯುತ್ತದೆ. ಎಸಿಪಿಐ ಬದಲು ಡಿವೈಸ್ ಟ್ರೀ ಎಂಬ ಹಾರ್ಡ್‌ವೇರ್ ವಿವರಣೆ ಬಳಸುವ ಆರ್ಮ್ ಬೋರ್ಡ್‌ಗಳಲ್ಲಿ ಇದೇ ಕೆಲಸಕ್ಕೆ ‘ನ್ಯೂಮಾ-ನೋಡ್-ಐಡಿ’ ಎಂಬ ಪ್ರಾಪರ್ಟಿ ಇದೆ.

ಕೊನೆಗೆ ಉಳಿಯುವುದು ಕರ್ನಲ್ ಪ್ರತಿ ಡಿವೈಸ್‌ಗೂ ಇಟ್ಟುಕೊಳ್ಳುವ ದಾಖಲೆಯಾದ ‘ಸ್ಟ್ರಕ್ಟ್ ಡಿವೈಸ್’ ಒಳಗಿನ ‘ನ್ಯೂಮಾ_ನೋಡ್’ ಎಂಬ ಒಂದೇ ಒಂದು ಪೂರ್ಣಾಂಕ. ಹುಟ್ಟುವಾಗ ಅದರ ಬೆಲೆ -1, ಅಂದರೆ ‘ಗೊತ್ತಿಲ್ಲ’. ಡಿವೈಸನ್ನು ನೋಂದಾಯಿಸುವಾಗಲೂ ಅದು -1 ಆಗಿಯೇ ಇದ್ದರೆ ಕರ್ನಲ್ ಪೇರೆಂಟ್ ಡಿವೈಸ್‌ನ ಸಂಖ್ಯೆಯನ್ನು ಎತ್ತಿ ಹಾಕುತ್ತದೆ. ಇಷ್ಟು ದೊಡ್ಡ ಕರ್ನಲ್‌ನಲ್ಲಿ ಡಿವೈಸ್‌ನ ಹತ್ತಿರ, ದೂರದ ಲೆಕ್ಕವೆಲ್ಲ ಬಹುಮಟ್ಟಿಗೆ ಈ ಒಂದು ಅಂಕಿಯ ಮೇಲೆ ನಿಂತಿದೆ ಅನ್ನುವುದು ನನಗಂತೂ ಸೋಜಿಗ.

ಇನ್ನು ಅದರ ಬಳಕೆ. ನನಗೆ ತುಂಬ ಇಷ್ಟವಾದದ್ದು ಪಿಸಿಐ ಪ್ರೋಬ್ ಮಾಡುವಾಗಿನ ಉಪಾಯ. ಡಿವೈಸನ್ನು ಕೆಲಸಕ್ಕೆ ಅಣಿಮಾಡುವ, ಡ್ರೈವರ್‌ನ ಪ್ರೋಬ್ ಫಂಕ್ಷನ್ನನ್ನು ಕರ್ನಲ್ ಸಿಕ್ಕ ಸಿಪಿಯು ಮೇಲೆ ಓಡಿಸುವುದಿಲ್ಲ. ಡಿವೈಸ್‌ನ ನೋಡ್‌ನಲ್ಲಿರುವ ಒಂದು ಸಿಪಿಯು ಹುಡುಕಿ ಅಲ್ಲಿಗೆ ಕಳಿಸುತ್ತದೆ. ಯಾಕೆ? ನೋಡ್ ಹೆಸರಿಸದೆ ಮೆಮೊರಿ ಕೇಳಿದರೆ, ಕೇಳಿದ ಸಿಪಿಯುವಿನ ನೋಡ್‌ನಿಂದಲೇ ಕೊಡುವುದು ವಾಡಿಕೆ. ಡ್ರೈವರ್ ಬರೆದವರಿಗೆ ನ್ಯೂಮಾ ಗಂಧವೇ ಇಲ್ಲದಿದ್ದರೂ ಮೆಮೊರಿ ಕೇಳುವ ಅವರ ಸಾದಾ ‘ಕೆಮ್ಯಾಲಕ್’ ಕರೆಗಳಿಗೆ ಸರಿಯಾದ ಕಡೆಯ ಮೆಮೊರಿ ಸಿಗುತ್ತದೆ. ಗೊತ್ತಿರುವವರು ‘ಡೆವ್_ಟು_ನೋಡ್’ ಕೇಳಿ, ಬಂದ ಸಂಖ್ಯೆಯನ್ನು ‘ಕೆಮ್ಯಾಲಕ್_ನೋಡ್’ಗೆ ಕೊಡುತ್ತಾರೆ. ‘ಡೆವ್‌ಎಂ_ಕೆಮ್ಯಾಲಕ್’ ಇದನ್ನು ಒಳಗೊಳಗೇ ಮಾಡುತ್ತದೆ. ಸಿಪಿಯು, ಡಿವೈಸ್ ಎರಡೂ ಹಂಚಿಕೊಳ್ಳುವ ಕೊಹೆರೆಂಟ್ ಡಿಎಂಎ ಮೆಮೊರಿ ಕೇಳಿದಾಗಲೂ ಮೊದಲು ನೋಡುವುದು ಡಿವೈಸ್‌ನ ನೋಡನ್ನೇ. ಇಂಟರಪ್ಟ್‌ಗಳ ಕಡೆ, ನೆಟ್‌ವರ್ಕ್ ಡ್ರೈವರ್‌ಗಳು ‘ಸಿಪಿಯುಮಾಸ್ಕ್_ಲೋಕಲ್_ಸ್ಪ್ರೆಡ್’ ಬಳಸಿ ಹತ್ತಿರದ ಸಿಪಿಯುಗಳಿಗೆ ಮೊದಲು ಹಂಚುತ್ತವೆ, ಅವು ಮುಗಿದ ಮೇಲೆ ಮಾತ್ರ ದೂರದವು.

ಆದರೆ ಒಂದನ್ನು ಗಮನಿಸಿ. ಮೇಲೆ ಹೇಳಿದ್ದೆಲ್ಲ ಡ್ರೈವರ್‌ನ ಸ್ವಂತ ಮೆಮೊರಿ: ಕ್ಯೂ, ರಿಂಗ್, ಡಿಸ್ಕ್ರಿಪ್ಟರ್. ನಿಜವಾದ ಡೇಟಾ ಎಲ್ಲಿರುತ್ತದೆ? ಫೈಲ್ ಓದಿದರೆ ಪೇಜ್ ಕ್ಯಾಶ್‌ನ (ಫೈಲ್ ಡೇಟಾವನ್ನು ಕರ್ನಲ್ ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) ಪುಟ ಸಾಮಾನ್ಯವಾಗಿ ಓದುತ್ತಿರುವ ಪ್ರೋಗ್ರಾಮ್ ಯಾವ ನೋಡ್‌ನಲ್ಲಿ ಓಡುತ್ತಿದೆಯೋ ಅಲ್ಲೇ ಹುಟ್ಟುತ್ತದೆ, ಡಿಸ್ಕ್ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಪೇಜ್ ಕ್ಯಾಶ್ ಬಿಟ್ಟು ನೇರ ಓದುವ ಡೈರೆಕ್ಟ್ ಐಓ ಮಾಡಿದರೆ ಬಫರ್ ನಿಮ್ಮದೇ. ಡಿಎಂಎಗೆ ಮ್ಯಾಪ್ ಮಾಡುವಾಗ ಕರ್ನಲ್ ಅದನ್ನು ಹತ್ತಿರದ ನೋಡ್‌ಗೆ ಸಾಗಿಸುವುದಿಲ್ಲ. ಇದು ಕೊರತೆಯೇ? ನನ್ನ ಪ್ರಕಾರ ಅಲ್ಲ. ಡಿವೈಸ್ ಮೆಮೊರಿಗೆ ಬರೆಯುವಾಗ ಉತ್ತರಕ್ಕೆ ಕಾಯದೆ ಬರೆದು ಮುಂದೆ ಹೋಗುತ್ತದೆ. ಸಿಪಿಯು ಓದುವಾಗ ಡೇಟಾ ಬರುವ ತನಕ ಕಾಯಬೇಕು. ಆದ್ದರಿಂದ ಬಫರ್ ಡಿವೈಸ್‌ಗಿಂತ ಸಿಪಿಯುಗೆ ಹತ್ತಿರ ಇರುವುದೇ ಎಷ್ಟೋ ಸಲ ಲಾಭ. ಪ್ರೋಗ್ರಾಮ್, ಬಫರ್, ಡಿವೈಸ್ ಮೂರೂ ಒಂದೇ ಕಡೆ ಇರಬೇಕಾದರೆ ಪ್ರೋಗ್ರಾಮನ್ನೇ ಡಿವೈಸ್‌ನ ನೋಡ್‌ಗೆ ಕಟ್ಟಿಹಾಕಬೇಕು. ಅದಕ್ಕೆ ‘ನ್ಯೂಮಾಸಿಟಿಎಲ್’ ಎಂಬ ಕಮಾಂಡ್ ಇದೆ. ನೋಡ್ ಸಂಖ್ಯೆ ಬಾಯಿಪಾಠ ಬೇಕಿಲ್ಲ, ‘ನೆಟ್‌ಡೆವ್:’ ಎಂದು ಬರೆದು ಇಂಟರ್‌ಫೇಸ್ ಹೆಸರು ಕೊಟ್ಟರೆ ಅದೇ ನೋಡ್ ಹುಡುಕಿಕೊಳ್ಳುತ್ತದೆ.

ಈಗ ದೂರ ಎಷ್ಟು ಎಂಬುದು. ‘ನ್ಯೂಮಾಸಿಟಿಎಲ್ --ಹಾರ್ಡ್‌ವೇರ್’ ಕೊಟ್ಟರೆ ಕೊನೆಯಲ್ಲಿ ಒಂದು ಚಿಕ್ಕ ಕೋಷ್ಟಕ ಬರುತ್ತದೆ. ಎರಡು ಸಾಕೆಟ್‌ನ ಮೆಷಿನ್‌ನಲ್ಲಿ ಮೊದಲ ಸಾಲು 10, 21, ಎರಡನೆಯದು 21, 10 ಎಂದಿರಬಹುದು. ಇದು ಎಸಿಪಿಐನ ‘ಸ್ಲಿಟ್’ ಕೋಷ್ಟಕದಿಂದ ಬಂದದ್ದು. ತನ್ನ ನೋಡ್‌ಗೆ 10 ಎಂಬುದು ನಿಯಮ, ತಲುಪಲಾಗದ್ದಕ್ಕೆ 255. ಹಾಗೆಂದು 21 ಅಂದರೆ 21 ನ್ಯಾನೊಸೆಕೆಂಡ್ ಅಲ್ಲ. 10ಕ್ಕೆ ಹೋಲಿಸಿದ ಅನುಪಾತ, ಅದೂ ಫರ್ಮ್‌ವೇರ್ ಬರೆದವರು ಇಟ್ಟ ಬೆಲೆ. ಈ ಅಂಕಿಗಳಿಂದ ಕೆಲಸವೂ ಆಗುತ್ತದೆ: ಒಂದೇ ಎನ್‌ವಿಎಂಇ ಡಿಸ್ಕ್‌ಗೆ ಎರಡು ದಾರಿ ಇದ್ದಾಗ ಅವುಗಳಲ್ಲಿ ಒಂದನ್ನು ಆರಿಸುವ ಮಲ್ಟಿಪಾಥ್‌ನ ‘ನ್ಯೂಮಾ’ ಪಾಲಿಸಿ, ಯಾವ ಕಂಟ್ರೋಲರ್‌ನ ನೋಡ್ ಹತ್ತಿರವೋ ಆ ದಾರಿ ಹಿಡಿಯುತ್ತದೆ.

ಸ್ಲಿಟ್ ಸಾಲದು ಎಂದು 2017ರ ಎಸಿಪಿಐ 6.2ರಲ್ಲಿ ‘ಹೆಚ್‌ಮ್ಯಾಟ್’ ಬಂತು. ಅದರಲ್ಲಿ ಲೇಟೆನ್ಸಿ, ಬ್ಯಾಂಡ್‌ವಿಡ್ತ್ ಬೇರೆ ಬೇರೆ. ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳ ರೂಪದಲ್ಲಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಪ್ರತಿ ನೋಡ್‌ನ ‘ಆಕ್ಸೆಸ್0’ ಡೈರೆಕ್ಟರಿಯೊಳಗೆ ಇವು ನ್ಯಾನೊಸೆಕೆಂಡ್, ಸೆಕೆಂಡಿಗೆ ಎಂಬಿ ಲೆಕ್ಕದಲ್ಲಿ ಸಿಗುತ್ತವೆ. ಎಸಿಪಿಐ 6.3ರಲ್ಲಿ ‘ಜೆನೆರಿಕ್ ಇನಿಶಿಯೇಟರ್’ ಸೇರಿತು. ಸಿಪಿಯು ಅಲ್ಲದ, ಆದರೆ ಮೆಮೊರಿಯನ್ನು ತಾನೇ ಓದಿ ಬರೆಯುವ ಆಕ್ಸೆಲರೇಟರ್‌ನಂಥದ್ದಕ್ಕೂ ಇದರಿಂದ ಸ್ವಂತ ಡೊಮೈನ್ ಸಿಕ್ಕಿತು. ‘ಆಕ್ಸೆಸ್0’ ಇಂಥವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ‘ಆಕ್ಸೆಸ್1’ ಸಿಪಿಯುಗಳನ್ನು ಮಾತ್ರ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ತಿಳಿಯುತ್ತದೆ.

ತೊಡಕಿರುವುದು ಡಿವೈಸ್‌ನ ನೋಡ್ ಸಂಖ್ಯೆ -1 ಆಗಿ ಉಳಿದಾಗ. ಲ್ಯಾಪ್‌ಟಾಪ್‌ನಲ್ಲಿ -1 ಕಂಡರೆ ಚಿಂತೆಯಿಲ್ಲ, ಇರುವುದೇ ಒಂದು ನೋಡ್. ಎರಡು ಸಾಕೆಟ್‌ನ ಮೆಷಿನ್‌ನಲ್ಲಿ ಕಂಡರೆ ಫರ್ಮ್‌ವೇರ್ ಆ ‘_ಪಿಎಕ್ಸ್‌ಎಂ’ ಕೊಟ್ಟಿಲ್ಲವೆಂದು ಅನುಮಾನಿಸಿ. ಆಗ ಮೇಲಿನ ಉಪಾಯಗಳೆಲ್ಲ ಸದ್ದಿಲ್ಲದೆ ನಿಲ್ಲುತ್ತವೆ. ಎರರ್ ಬರುವುದಿಲ್ಲ, ವೇಗ ಮಾತ್ರ ಏರಿಳಿಯುತ್ತದೆ. ರೂಟ್ ಆಗಿ ಸಿಸ್‌ಎಫ್‌ಎಸ್‌ನ ‘ನ್ಯೂಮಾ_ನೋಡ್’ ಫೈಲಿಗೆ ಸರಿಯಾದ ಸಂಖ್ಯೆ ಬರೆಯಬಹುದು. ಕರ್ನಲ್ ಒಪ್ಪುತ್ತದೆ, ಆದರೆ ಗೊಣಗುತ್ತದೆ: ಇದು ಫರ್ಮ್‌ವೇರ್ ಬಗ್, ನಿಮ್ಮ ವೆಂಡರ್ ಹತ್ತಿರ ಅಪ್‌ಡೇಟ್ ಕೇಳಿ ಎಂದು ಲಾಗ್‌ನಲ್ಲಿ ಬರೆದು, ತಾನು ಸಹಜ ಸ್ಥಿತಿಯಲ್ಲಿಲ್ಲ ಎನ್ನುವ ‘ಟೇಂಟ್’ ಗುರುತನ್ನೂ ಹಾಕಿಕೊಳ್ಳುತ್ತದೆ. ಬರೆದ ಮಾತ್ರಕ್ಕೆ ಡ್ರೈವರ್ ಆಗಲೇ ಪಡೆದ ಮೆಮೊರಿ ಜಾಗ ಬದಲಿಸುವುದಿಲ್ಲ. ಡ್ರೈವರ್ ಬಿಡಿಸಿ ಮತ್ತೆ ಬೈಂಡ್ ಮಾಡಬೇಕು.

ಇದನ್ನೆಲ್ಲ ಕೈಯಾರೆ ಮಾಡಿ ನೋಡಲು ಸರ್ವರ್ ಬೇಕಿಲ್ಲ, ವರ್ಚುವಲ್ ಮೆಷಿನ್ ಓಡಿಸುವ ಕ್ಯೂಇಎಂಯು ಸಾಕು. ‘-ನ್ಯೂಮಾ’ ಆಯ್ಕೆಯಿಂದ ಎರಡು ನೋಡ್ ಮಾಡಿ, ಅವುಗಳ ನಡುವಿನ ದೂರವನ್ನೂ ಅದರಲ್ಲೇ ಕೊಡಿ. ಆಮೇಲೆ ‘ಪಿಎಕ್ಸ್‌ಬಿ-ಪಿಸಿಐಇ’ ಎಂಬ ಹೆಚ್ಚುವರಿ ಹೋಸ್ಟ್ ಬ್ರಿಡ್ಜ್ ಸೇರಿಸಿ, ಅದರ ‘ನ್ಯೂಮಾ_ನೋಡ್’ ಗುಣವನ್ನು 1 ಮಾಡಿ, ಅದರಡಿ ಒಂದು ರೂಟ್ ಪೋರ್ಟ್, ಅದಕ್ಕೆ ಒಂದು ಎನ್‌ವಿಎಂಇ ಡಿಸ್ಕ್ ಹಾಕಿ. ಗೆಸ್ಟ್ (ಆ ವರ್ಚುವಲ್ ಮೆಷಿನ್) ಬೂಟ್ ಆದಮೇಲೆ ಆ ಡಿಸ್ಕ್‌ನ ಸಿಸ್‌ಎಫ್‌ಎಸ್ ‘ನ್ಯೂಮಾ_ನೋಡ್’ ಫೈಲಿನಲ್ಲಿ 1 ಕಾಣಬೇಕು. ಬ್ರಿಡ್ಜ್‌ನ ಆ ಗುಣವನ್ನು ತೆಗೆದು ಇನ್ನೊಮ್ಮೆ ಬೂಟ್ ಮಾಡಿ, ಈಗ ಏನು ಬಂತು ನೋಡಿ. ವೇಗದ ವ್ಯತ್ಯಾಸ ಇಲ್ಲಿ ಹುಡುಕಬೇಡಿ, ಆ ನೋಡ್‌ಗಳು ಬರೀ ಹೆಸರಿಗೆ. ನೋಡಬೇಕಾದದ್ದು ಸಂಖ್ಯೆ ಬ್ರಿಡ್ಜ್‌ನಿಂದ ಡಿಸ್ಕ್‌ವರೆಗೆ ಇಳಿದು ಬರುವ ದಾರಿ.